ಮಂದ್ರದ ಮಾತುಗಾರ ಫಿಲ್ ಲೆಶ್

ರಾಕ್ ಸಂಗೀತದ ತಂಡದಲ್ಲಿ ಬೇಸ್ ಗಿಟಾರ್ ಹಿಡಿದು ನಿಂತವನ ಕಡೆಗೆ ಸಭಿಕರ ಕಣ್ಣು ಹೋಗುವುದು ಕಡಿಮೆ. ಹಾಡುವವನಿಗೆ ದೀಪದ ಬೆಳಕು, ಗಿಟಾರಿನವನಿಗೆ ಚಪ್ಪಾಳೆ, ಡ್ರಮ್ ಬಾರಿಸುವವನಿಗೆ ಎತ್ತರದ ಪೀಠವಾದರೂ ಉಂಟು. ಬೇಸ್ ನುಡಿಸುವವನು ಒಂದು ಪಕ್ಕಕ್ಕೆ ನಿಂತು, ನಾಲ್ಕು ದಪ್ಪ ತಂತಿಗಳ ಮೇಲೆ ತನ್ನ ಪಾಲಿನ ಕೆಲಸ ಮುಗಿಸಿ ಹೋಗುತ್ತಾನೆ. ಆ ಕೆಲಸವೂ ಗೊತ್ತಾದದ್ದೇ. ಪಾಶ್ಚಾತ್ಯರ ಹಾಡು ಕಾರ್ಡ್ ಎಂಬ ಸ್ವರಗುಚ್ಛಗಳ ಮೇಲೆ ನಡೆಯುತ್ತದೆ. ಗುಚ್ಛ ಬದಲಾದಾಗಲೆಲ್ಲ ಅದರ ತಳದ ಸ್ವರವನ್ನು, ತಾಳದ ಸಮಕ್ಕೆ ಸರಿಯಾಗಿ, ಮಂದ್ರದಲ್ಲಿ ಒತ್ತಿ ಹೇಳಬೇಕು. ಕಟ್ಟಡಕ್ಕೆ ತಳಪಾಯ ಹೇಗೋ ಹಾಗೆ. ತಳಪಾಯವನ್ನು ನೋಡಿ ಮೆಚ್ಚಿದವರು ಯಾರಿದ್ದಾರೆ?

ಅಮೆರಿಕದ ಕ್ಯಾಲಿಫೋರ್ನಿಯಾದ ‘ಗ್ರೇಟ್‌ಫುಲ್ ಡೆಡ್’ ತಂಡದಲ್ಲಿ 1965ರಿಂದ 1995ರವರೆಗೆ ಬೇಸ್ ಗಿಟಾರ್ ನುಡಿಸಿದ ಫಿಲ್ ಲೆಶ್, ಈ ಕೆಲಸವನ್ನು ಹೀಗೆ ಮಾಡಲು ಒಪ್ಪಲಿಲ್ಲ. ಮೂವತ್ತು ವರ್ಷ, 2,300ಕ್ಕೂ ಹೆಚ್ಚು ಕಚೇರಿಗಳು. ಒಂದೇ ಹಾಡನ್ನು ಎರಡು ರಾತ್ರಿ ಒಂದೇ ರೀತಿಯಲ್ಲಿ ನುಡಿಸಬಾರದೆಂಬ ಹಠ. 2024ರ ಅಕ್ಟೋಬರ್ 25ರಂದು, ತನ್ನ 84ನೆಯ ವಯಸ್ಸಿನಲ್ಲಿ, ಆತ ತೀರಿಕೊಂಡ. ಸ್ವಭಾವತಃ ಪಕ್ಕವಾದ್ಯವಾದುದನ್ನು ಹೀಗೆ ಮಾತನಾಡಲು ಬಿಟ್ಟಾಗ ಸಂಗೀತಕ್ಕೆ ದಕ್ಕಿದ್ದೆಷ್ಟು, ಹೋದದ್ದೆಷ್ಟು ಎಂಬುದನ್ನು ನೋಡುವುದಷ್ಟೇ ಈ ಬರಹದ ಉದ್ದೇಶ.

ನಮ್ಮ ಸಂಘದ ಓದುಗರಿಗೆ ಈ ವಿಷಯ ದೂರದ್ದೆನಿಸಬಹುದು. ನಮ್ಮ ಮನೆಗಳಲ್ಲಿ ರಾಕ್ ಎಂದರೆ ಮಕ್ಕಳ ಕೋಣೆಯ ಬಾಗಿಲಿನ ಆಚೆಗಿನ ಸದ್ದು. ಆದರೆ ಭಾನುವಾರದ ಸಂಜೆ ಸಂಘದ ಸಭಾಂಗಣದಲ್ಲಿ ಪಿಟೀಲು ಮೃದಂಗಗಳನ್ನು ಕಿವಿಗೊಟ್ಟು ಕೇಳಿದವರಿಗೆ, ಪಕ್ಕವಾದ್ಯದವರು ಎಲ್ಲಿ ಹಿಂಬಾಲಿಸಬೇಕು, ಎಲ್ಲಿ ಕೆಣಕಬೇಕು ಎಂಬ ಪ್ರಶ್ನೆ ಹೊಸದಲ್ಲ. ಅದೇ ಪ್ರಶ್ನೆ ಇಲ್ಲಿಯದೂ. ವಾದ್ಯ ಬೇರೆ, ಊರು ಬೇರೆ, ಅಷ್ಟೆ.

ಲೆಶ್ ಹುಟ್ಟಿದ್ದು 1940ರ ಮಾರ್ಚ್ 15ರಂದು, ಬರ್ಕ್ಲಿಯಲ್ಲಿ. ನಾಲ್ಕರ ಆಸುಪಾಸಿನಲ್ಲಿ ಅಜ್ಜಿಯ ಜೊತೆ ಕೂತು ರೇಡಿಯೋದಲ್ಲಿ ಬ್ರಾಹ್ಮ್ಸ್‌ನ ಮೊದಲನೆಯ ಸಿಂಫನಿ ಕೇಳಿದ್ದೇ ತನ್ನನ್ನು ಸಂಗೀತಕ್ಕೆ ಎಳೆಯಿತೆಂದು 2005ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ಮೊದಲು ಕಲಿತದ್ದು ಪಿಟೀಲು, ಹದಿನಾಲ್ಕರಲ್ಲಿ ಹಿಡಿದದ್ದು ಟ್ರಂಪೆಟ್. ಕಾಲೇಜಿನ ಜಾಸ್ ವಾದ್ಯವೃಂದಕ್ಕೆ ಸಂಯೋಜನೆಗಳನ್ನು ಬರೆದ. 1962ರಲ್ಲಿ ಓಕ್‌ಲೆಂಡಿನ ಮಿಲ್ಸ್ ಕಾಲೇಜಿನಲ್ಲಿ ಇಟಲಿಯ ಸಂಯೋಜಕ ಲೂಚಿಯಾನೊ ಬೆರಿಯೊನ ತರಗತಿ ಸೇರಿದ. ಅಲ್ಲಿ ಜೊತೆಗೆ ಕುಳಿತಿದ್ದವರಲ್ಲಿ ಮುಂದೆ ಜಗತ್ತು ಬಲ್ಲ ಸ್ಟೀವ್ ರೈಖ್ ಒಬ್ಬ. ಅಂದರೆ ನಮ್ಮ ನಾಯಕ ಬೀದಿಯಲ್ಲಿ ಗಿಟಾರ್ ಮೀಟಿಕೊಂಡು ಬೆಳೆದವನಲ್ಲ. ಕಾಗದದ ಮೇಲೆ ಗೆರೆ ಎಳೆದು, ಒಂದೊಂದು ವಾದ್ಯಕ್ಕೂ ಬೇರೆ ಬೇರೆ ದಾರಿ ಹಾಕಿಕೊಡುವ ವಿದ್ಯೆ ಕಲಿತವನು. ಈ ಸಂಗತಿ ಮರೆತರೆ ಮುಂದಿನದು ಅರ್ಥವಾಗುವುದಿಲ್ಲ.

ವಿದ್ಯೆ ಹೊಟ್ಟೆ ತುಂಬಿಸಲಿಲ್ಲ. ಸಾನ್ ಫ್ರಾನ್ಸಿಸ್ಕೋದಲ್ಲಿ ಅಂಚೆ ಇಲಾಖೆಯ ಟಪಾಲು ಲಾರಿ ಓಡಿಸಿದ. (ಕೇಂದ್ರ ಸರ್ಕಾರದ ಗುಮಾಸ್ತಗಿರಿಯಲ್ಲಿ ಕಾಲ ಕಳೆದ ನಮಗೆ ಈ ಒಂದು ಸಾಲಿನಿಂದ ಆತ ಸ್ವಲ್ಪ ಹತ್ತಿರದವನಾದ ಎಂದರೆ ಓದುಗರು ನಗಬಾರದು.) ಬರ್ಕ್ಲಿಯ ಕೆ.ಪಿ.ಎಫ್.ಎ. ರೇಡಿಯೋದಲ್ಲಿ ಸಂಬಳವಿಲ್ಲದೆ ಧ್ವನಿಮುದ್ರಣದ ಕೆಲಸವನ್ನೂ ಮಾಡಿದ. ಜಾನಪದ ಹಾಡುಗಳನ್ನು ಹಾಡಿಕೊಂಡಿದ್ದ ಜೆರ್ರಿ ಗಾರ್ಸಿಯಾ ಎಂಬ ತರುಣನ ಹಾಡನ್ನು ಟೇಪಿಗೆ ಹತ್ತಿಸಿ ಅದೇ ರೇಡಿಯೋದವರಿಗೆ ಕೇಳಿಸಿದ್ದೂ ಲೆಶ್‌ನೇ. 1965ರಲ್ಲಿ, ಮೆನ್ಲೋ ಪಾರ್ಕಿನ ಪಿಜ್ಜಾ ಅಂಗಡಿಯೊಂದರಲ್ಲಿ ಗಾರ್ಸಿಯಾನ ಹೊಸ ತಂಡವನ್ನು ಕೇಳಲು ಹೋದಾಗ, ನೀನೇ ನಮ್ಮ ಬೇಸ್ ನುಡಿಸುವವನು ಎಂದು ಗಾರ್ಸಿಯಾ ಹೇಳಿಬಿಟ್ಟ. ಆ ವಾದ್ಯವನ್ನು ಲೆಶ್ ಅಲ್ಲಿಯವರೆಗೆ ನುಡಿಸಿಯೇ ಇರಲಿಲ್ಲ. ಆಗ ವಯಸ್ಸು ಇಪ್ಪತ್ತೈದು. ಕೆಲವೇ ವಾರಗಳಲ್ಲಿ ವೇದಿಕೆಯ ಮೇಲಿದ್ದ.

ತಂಡಕ್ಕೆ ಆಗಿದ್ದ ಹೆಸರು ವಾರ್‌ಲಾಕ್ಸ್. ಅದೇ ಹೆಸರಿನ ಇನ್ನೊಂದು ತಂಡದ ಮುದ್ರಿಕೆಯನ್ನು ಲೆಶ್ ಅಂಗಡಿಯಲ್ಲಿ ಕಂಡದ್ದರಿಂದ ಬೇರೆ ಹೆಸರು ಹುಡುಕಬೇಕಾಯಿತು. ಲೆಶ್‌ನ ಮನೆಯಲ್ಲಿ ಗಾರ್ಸಿಯಾ ಒಂದು ನಿಘಂಟನ್ನು ತೆರೆದಾಗ ಕಣ್ಣಿಗೆ ಬಿದ್ದ ಪದವೇ ‘ಗ್ರೇಟ್‌ಫುಲ್ ಡೆಡ್’. ಕೇಳಲು ಭೀಕರವಾದರೂ ಅದೊಂದು ಜನಪದ ಕಥೆಯ ಹೆಸರು: ಸಾಲ ತೀರದೆ ಸಂಸ್ಕಾರವಿಲ್ಲದೆ ಬಿದ್ದ ಅಪರಿಚಿತನ ಹೆಣಕ್ಕೆ ದಾರಿಹೋಕನೊಬ್ಬ ತನ್ನ ಹಣ ಕೊಟ್ಟು ಸಂಸ್ಕಾರ ಮಾಡಿಸುತ್ತಾನೆ, ಆ ಸತ್ತವನು ಮುಂದೆ ಕಷ್ಟಕಾಲದಲ್ಲಿ ಬಂದು ಋಣ ತೀರಿಸುತ್ತಾನೆ. ತಂಡದ ಆರಂಭದ ದಿನಗಳು ಎಲ್.ಎಸ್.ಡಿ. ಎಂಬ ಮಾದಕದ ನೆರಳಿನಲ್ಲಿ ಕಳೆದವೆಂಬುದನ್ನು ಮುಚ್ಚಿಡಬೇಕಾಗಿಲ್ಲ. 1966ರ ಅಕ್ಟೋಬರಿನವರೆಗೆ ಕ್ಯಾಲಿಫೋರ್ನಿಯಾದಲ್ಲಿ ಅದಕ್ಕೆ ಕಾನೂನಿನ ತಡೆಯೂ ಇರಲಿಲ್ಲ. ಆ ಹೊಗೆಯಲ್ಲಿ ಸಂಗೀತವೂ ಹೊಗೆಯಾಯಿತೆಂದು ಬಗೆಯುವವರು ಬಹಳ. ಕೇಳಿ ನೋಡಿದರೆ ಹಾಗಿಲ್ಲ.

ಬೇಸ್ ಗಿಟಾರ್ ಎಂಬ ವಾದ್ಯವೇ ಹೊಸತು. ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ ಅದನ್ನು ಮಾರುಕಟ್ಟೆಗೆ ತಂದದ್ದು 1951ರಲ್ಲಿ. ಲೆಶ್ ಕೈಗೆತ್ತಿಕೊಂಡಾಗ ಅದಕ್ಕೆ ಹದಿನಾಲ್ಕು ವರ್ಷ, ಪರಂಪರೆ ಎನ್ನುವುದು ಇನ್ನೂ ಗಟ್ಟಿಯಾಗಿರಲಿಲ್ಲ. ಗುರುವಿಲ್ಲದ್ದರಿಂದ ಹೀಗೆ ಮಾಡಬಾರದೆಂದು ಹೇಳುವವರೂ ಇರಲಿಲ್ಲ. ಆತ ಬಾಖ್‌ನ ರಚನೆಗಳಲ್ಲಿ ಕೆಳಗಿನ ಧ್ವನಿಯೂ ಮೇಲಿನದರಷ್ಟೇ ಸ್ವತಂತ್ರವಾಗಿ ನಡೆಯುವುದನ್ನು ಕಂಡಿದ್ದ. ಜಾನ್ ಕೋಲ್‌ಟ್ರೇನ್‌ನ ಜಾಸ್ ಕೇಳಿದ್ದ. ಆ ಎರಡನ್ನೂ ರಾಕ್‌ನ ಮಂದ್ರಕ್ಕೆ ಇಳಿಸಿದ. ಸಮದಲ್ಲಿ ತಳಸ್ವರ ಬರಬೇಕಾದಲ್ಲಿ ಲೆಶ್ ಎಷ್ಟೋ ಸಲ ಸುಮ್ಮನಿರುತ್ತಾನೆ. ಅರ್ಧ ಪೆಟ್ಟು ತಡೆದು, ನಮ್ಮವರು ಅನಾಗತ ಎನ್ನುವ ರೀತಿಯಲ್ಲಿ, ಗುಚ್ಛದ ಇನ್ನಾವುದೋ ಸ್ವರದಿಂದ ಒಳಗೆ ಬರುತ್ತಾನೆ. ಗಿಟಾರ್ ಮೇಲೇರಿದರೆ ಈತ ಇಳಿಯುತ್ತಾನೆ, ಗಿಟಾರ್ ನಿಂತರೆ ಅದು ಬಿಟ್ಟ ಮಾತನ್ನು ಮುಂದುವರಿಸುತ್ತಾನೆ. ಕೇಳುವವನಿಗೆ ತಳಪಾಯ ಕಾಣುವುದಿಲ್ಲ. ಬದಲಾಗಿ ಇಬ್ಬರು ಮಾತನಾಡುತ್ತಿರುವುದು ಕೇಳಿಸುತ್ತದೆ.

ಇದು ಎಲ್ಲರಿಗೂ ಹಿಡಿಸಲಿಲ್ಲ. ತಂಡದ ಎರಡನೆಯ ಮುದ್ರಿಕೆ ‘ಆಂಥೆಮ್ ಆಫ್ ದಿ ಸನ್’ (1968) ತಯಾರಾಗುವಾಗ ಸ್ಟುಡಿಯೋದಲ್ಲಿ ನುಡಿಸಿದ್ದನ್ನೂ ವೇದಿಕೆಯ ಮೇಲೆ ನುಡಿಸಿದ್ದನ್ನೂ ಕತ್ತರಿಸಿ, ಒಂದರ ಮೇಲೊಂದು ಹೇರಿ, ಬೆರಿಯೊನ ಶಿಷ್ಯನಿಗೆ ತಕ್ಕ ಪ್ರಯೋಗ ನಡೆಯಿತು. ಕೆಲಸ ಮುಗಿಯದೆ ಖರ್ಚು ಬೆಳೆಯಿತು. ಮುದ್ರಿಕೆಯ ಕಂಪನಿ ವಾರ್ನರ್ ಬ್ರದರ್ಸ್‌ನ ಹಿರಿಯ ಅಧಿಕಾರಿ 1967ರ ಡಿಸೆಂಬರಿನಲ್ಲಿ ತಂಡದ ವ್ಯವಸ್ಥಾಪಕನಿಗೆ ಪತ್ರ ಬರೆದು, ಲೆಶ್‌ನನ್ನು ಅಂಕೆಯಲ್ಲಿಡುವವರು ನಿಮ್ಮಲ್ಲಿ ಯಾರೂ ಇಲ್ಲವೆಂದು ದೂರಿದ. ಕನ್ನಡದಲ್ಲಿ ಆಫೀಸೂ ಕಚೇರಿಯೇ, ಗಾಯನವೂ ಕಚೇರಿಯೇ; ಮೊದಲನೆಯ ಕಚೇರಿಯ ಮೆಮೊ ಎರಡನೆಯ ಕಚೇರಿಗೆ ಬಂದರೆ ಏನಾಗುತ್ತದೆಂಬುದಕ್ಕೆ ಇದೊಂದು ನಿದರ್ಶನ. ಅಧಿಕಾರಿಯ ಸಿಟ್ಟು ನ್ಯಾಯವಾದದ್ದೇ. ಆದರೆ ಆ ಮುದ್ರಿಕೆಯನ್ನು ಇಂದು ಕೇಳಿದರೆ, ಮೊದಲ ಮುದ್ರಿಕೆಯಲ್ಲಿ ಓಟದ ಪಂದ್ಯಕ್ಕೆ ಬಿಟ್ಟಂತೆ ಧಾವಿಸಿದ್ದ ಇದೇ ತಂಡಕ್ಕೆ ಇಲ್ಲಿ ಮೊದಲ ಬಾರಿ ಉಸಿರು ಬಂದದ್ದು ತಿಳಿಯುತ್ತದೆ.

ಲೆಶ್ ಎಂಥವನೆಂದು ತಿಳಿಯಬೇಕಾದರೆ 1969ರ ‘ಲೈವ್/ಡೆಡ್’ ಮುದ್ರಿಕೆಯನ್ನು ಕೇಳಬೇಕು. ಅದರಲ್ಲಿ ‘ದಿ ಇಲೆವೆನ್’ ಎಂಬ ರಚನೆಯ ಸಂಗೀತ ಲೆಶ್‌ನದು. ಹೆಸರೇ ಹೇಳುವಂತೆ ಅದು ಹನ್ನೊಂದರ ಎಣಿಕೆ. ನಾಲ್ಕರ ಎಣಿಕೆಯಲ್ಲೇ ಹುಟ್ಟಿ ನಾಲ್ಕರಲ್ಲೇ ಸಾಯುವ ರಾಕ್ ಸಂಗೀತಕ್ಕೆ ಹನ್ನೊಂದು ಎಲ್ಲಿಂದ ಬಂತು? ಇಲ್ಲಿ ನಮ್ಮ ಮುಂಬಯಿಯ ಓದುಗರು ಸ್ವಲ್ಪ ಹೆಮ್ಮೆಪಡಬಹುದು. 1967ರಲ್ಲಿ ತಂಡಕ್ಕೆ ಎರಡನೆಯ ಡ್ರಮ್‌ಗಾರನಾಗಿ ಸೇರಿದ ಮಿಕಿ ಹಾರ್ಟ್, ಅದೇ ವರ್ಷ ಉಸ್ತಾದ್ ಅಲ್ಲಾರಖಾ ಅವರನ್ನು ಕಂಡು, ಅವರಲ್ಲಿ ತಾಳದ ಲೆಕ್ಕ ಕಲಿಯಲು ತೊಡಗಿದ್ದ. ಐದು, ಏಳು, ಹನ್ನೊಂದು ತಂಡದ ಅಭ್ಯಾಸದ ಕೋಣೆಗೆ ಬಂದದ್ದು ಆ ದಾರಿಯಿಂದ. ಮುಂದೆ ಅಲ್ಲಾರಖಾ ಅವರ ಮಗ ಜಾಕಿರ್ ಹುಸೇನ್ ಅವರು ಹಾರ್ಟ್‌ನೊಂದಿಗೆ 1976ರಲ್ಲಿ ‘ದಿಗಾ ರಿದಮ್ ಬ್ಯಾಂಡ್’ ಮುದ್ರಿಕೆ ಮಾಡಿದರು. ಲೆಶ್ ತೀರಿಕೊಂಡ ಎರಡು ತಿಂಗಳೊಳಗೆ, 2024ರ ಡಿಸೆಂಬರ್ 15ರಂದು, ಜಾಕಿರ್ ಅವರೂ ಸಾನ್ ಫ್ರಾನ್ಸಿಸ್ಕೋದಲ್ಲೇ ಕಾಲವಾದರು.

ಹನ್ನೊಂದು ನಮಗೆ ಅಪರಿಚಿತವಲ್ಲ. ತ್ರಿಶ್ರ ಜಾತಿಯ ಧ್ರುವ ತಾಳದಲ್ಲಿ ಮೂರು, ಎರಡು, ಮೂರು, ಮೂರು, ಒಟ್ಟು ಹನ್ನೊಂದು ಅಕ್ಷರ. ಲೆಶ್‌ನ ರಚನೆಯಲ್ಲಿ ಎರಡು ಕೊನೆಗೆ ಬೀಳುತ್ತದೆ: ಮೂರು, ಮೂರು, ಮೂರು, ಎರಡು. ತೊಡೆಯ ಮೇಲೆ ಕೈಹಾಕಿಕೊಂಡು ಕೇಳಿದರೆ, ಆ ಕೊನೆಯ ಎರಡಕ್ಕೆ ಬರುವಾಗ ಮೆಟ್ಟಿಲೊಂದು ತಪ್ಪಿದಂತಾಗಿ ಮುಂದಿನ ಸಮಕ್ಕೆ ನಾವೇ ಜಿಗಿಯುತ್ತೇವೆ. ಎಲ್ಲರೂ ಹೀಗೆ ಜಿಗಿಯುತ್ತಿರುವಾಗ ಬೇಸ್‌ನವನಾದರೂ ನೆಲ ಹಿಡಿದು ನಿಲ್ಲಬೇಕಲ್ಲವೇ? ಲೆಶ್ ನಿಲ್ಲುವುದಿಲ್ಲ, ಎಲ್ಲರಿಗಿಂತ ಮೊದಲು ಜಿಗಿದಿರುತ್ತಾನೆ. ಆದರೂ ತಾಳ ಕೆಡುವುದಿಲ್ಲ. ಅದೇ ಮುದ್ರಿಕೆಯ ‘ಡಾರ್ಕ್ ಸ್ಟಾರ್’ ಇಪ್ಪತ್ತಮೂರು ನಿಮಿಷದ್ದು. ಅಲ್ಲಿ ಹಾಡು ಎನ್ನಬಹುದಾದ ಭಾಗ ಬಹಳ ಸ್ವಲ್ಪ, ಉಳಿದದ್ದೆಲ್ಲ ಮನೋಧರ್ಮ. ನಮ್ಮ ರಾಗಾಲಾಪನೆಯ ಜೊತೆ ಅದನ್ನು ಹೋಲಿಸುವವರಿದ್ದಾರೆ. ಹೋಲಿಕೆ ಸಲ್ಲದು. ಅಲ್ಲಿ ಕಾಪಾಡಬೇಕಾದ ರಾಗವಿಲ್ಲ, ಒಬ್ಬನದೇ ಚಿಂತನೆಯೂ ಇಲ್ಲ. ಐದಾರು ಜನ ಒಂದೇ ಹೊತ್ತಿಗೆ ಯೋಚಿಸುತ್ತ, ಬಿದ್ದುಹೋಗದಂತೆ ಒಬ್ಬರನ್ನೊಬ್ಬರು ಹಿಡಿದುಕೊಳ್ಳುವ ಬಗೆ ಅದು. ಅದರ ಸೊಗಸೂ ಅಪಾಯವೂ ಅಲ್ಲೇ ಇದೆ.

ಅಪಾಯದ ಮಾತನ್ನೂ ಆಡಬೇಕು. ಬೇಸ್ ತನ್ನ ಕೆಲಸ ಬಿಟ್ಟರೆ ಆ ಕೆಲಸವನ್ನು ಇನ್ನೊಬ್ಬರು ಮಾಡಲೇಬೇಕು. ಗ್ರೇಟ್‌ಫುಲ್ ಡೆಡ್‌ನಲ್ಲಿ ಅದನ್ನು ಮಾಡಿದವನು ಡ್ರಮ್‌ನ ಬಿಲ್ ಕ್ರೂಟ್ಸ್‌ಮನ್. 1971ರಿಂದ 1974ರವರೆಗೆ ಹಾರ್ಟ್ ತಂಡದಲ್ಲಿರಲಿಲ್ಲ. ಕ್ರೂಟ್ಸ್‌ಮನ್ ಒಬ್ಬನೇ ಹಗುರವಾಗಿ, ತಪ್ಪದೆ ತಾಳ ನಡೆಸುತ್ತಿದ್ದ. ಲೆಶ್‌ನ ಅತ್ಯುತ್ತಮ ವಾದನ ಈ ಮೂರೂವರೆ ವರ್ಷದ್ದೆಂಬುದು ನಮ್ಮ ಖಚಿತ ಅಭಿಪ್ರಾಯ. 1972ರ ವಸಂತದಲ್ಲಿ ಯೂರೋಪಿನಲ್ಲಿ ನಡೆದ 22 ಕಚೇರಿಗಳಿಂದ ಆಯ್ದ ‘ಯೂರೋಪ್ ’72’ರಲ್ಲಿ ಸೇರಿರುವ ‘ಮಾರ್ನಿಂಗ್ ಡ್ಯೂ’ ಕೇಳಿ. ನಿಧಾನದ ಹಾಡು, ಗಾರ್ಸಿಯಾನ ಗಿಟಾರ್ ಪಿಸುಮಾತಿಗೆ ಇಳಿದಾಗ ಲೆಶ್ ಅದರ ಕೆಳಗೆ ಒಂದೊಂದೇ ಸ್ವರ ಇಡುತ್ತ ಹೋಗಿ, ಕೊನೆಗೆ ಇಬ್ಬರೂ ಸೇರಿ ಏರುತ್ತಾರೆ. ಏರುವ ಹೊತ್ತು ಯಾವುದೆಂದು ನಿರ್ಧರಿಸುವವನು ಗಾರ್ಸಿಯಾ ಎನಿಸುತ್ತದೆ. ಎರಡನೆಯ ಸಲ ಕೇಳಿದರೆ ಹಾಗಲ್ಲ, ಕೆಳಗಿನಿಂದ ನೂಕಿದ್ದು ಲೆಶ್. 1973-74ರ ಕಚೇರಿಗಳಲ್ಲಿ ‘ಐಸ್ ಆಫ್ ದಿ ವರ್ಲ್ಡ್’ ಹಾಡಿನ ಕೊನೆಗೆ ಏಳರ ಎಣಿಕೆಯ ಒಂದು ಭಾಗ ಬರುತ್ತಿತ್ತು. ಮಿಶ್ರ ಛಾಪು ಬಲ್ಲ ಕಿವಿಗೆ ಅದು ಹಬ್ಬ.

ಆದರೆ ಕ್ರೂಟ್ಸ್‌ಮನ್ ದಣಿದ ರಾತ್ರಿಗಳೂ ಇದ್ದವು, ಇಬ್ಬರು ಡ್ರಮ್‌ಗಾರರು ಒಬ್ಬರ ಮೇಲೊಬ್ಬರು ಬೀಳುವ ರಾತ್ರಿಗಳೂ ಇದ್ದವು. ಅಂಥ ಕಡೆ ಲೆಶ್‌ನ ಸ್ವಾತಂತ್ರ್ಯ ಬರಿಯ ಅಲೆದಾಟವಾಗಿ ಕೇಳುತ್ತದೆ. ಸರಳವಾದ ಹಾಡು ಒಂದು ಸರಳವಾದ ಆಸರೆ ಕೇಳುತ್ತಿರುವಾಗ, ಈತ ಪ್ರಬಂಧ ಮಂಡಿಸುತ್ತಾನೆ. ಆಸರೆ ಕೊಡಲು ಬಾರದವನೆಂದಲ್ಲ. 1970ರ ‘ವರ್ಕಿಂಗ್‌ಮನ್ಸ್ ಡೆಡ್’, ‘ಅಮೆರಿಕನ್ ಬ್ಯೂಟಿ’ ಎರಡರಲ್ಲೂ ಹಾಡುಗಳಿಗೆ ಬೇಕಾದಷ್ಟನ್ನೇ ನುಡಿಸಿ, ಮೇಲೆ ತಾರದಲ್ಲಿ ಜೊತೆದನಿಯನ್ನೂ ಹಾಡಿದ್ದಾನೆ. ಬಲ್ಲವನು ಮಾಡದೆ ಬಿಟ್ಟಾಗ ನಮಗೆ ದೂರುವ ಹಕ್ಕಿದೆ.

‘ಅಮೆರಿಕನ್ ಬ್ಯೂಟಿ’ಯ ಮೊದಲ ಹಾಡು ‘ಬಾಕ್ಸ್ ಆಫ್ ರೇನ್’. ಲೆಶ್‌ನ ತಂದೆ ಆಗ ಕ್ಯಾನ್ಸರಿನಿಂದ ಸಾಯುತ್ತಿದ್ದ. ತಂದೆಗೆ ಕೇಳಿಸಲೆಂದು ಲೆಶ್ ರಾಗ ಕಟ್ಟಿ, ಪದಗಳಿಗಾಗಿ ತಂಡದ ಕವಿ ರಾಬರ್ಟ್ ಹಂಟರ್‌ನ ಬಳಿಗೆ ಹೋದ. ಹಂಟರ್ ಪದ ಕೊಟ್ಟ. ತಂದೆಯನ್ನು ನೋಡಲು ಕಾರಿನಲ್ಲಿ ಹೋಗಿ ಬರುವ ದಾರಿಯಲ್ಲಿ ಲೆಶ್ ಅದನ್ನು ಹಾಡಿ ಹಾಡಿ ಅಭ್ಯಾಸ ಮಾಡಿದ. ಮುಖ್ಯ ಗಾಯಕನಾಗಿ ಆತ ನಿಂತ ಹಾಡುಗಳು ಬಹಳ ಕಡಿಮೆ. ಇದು ಅವುಗಳಲ್ಲಿ ಮೊದಲನೆಯದೂ ಮಿಗಿಲಾದುದೂ ಹೌದು. ದನಿ ಒಣ, ಶ್ರುತಿ ಕೆಲವೆಡೆ ಅಂಚಿನಲ್ಲಿ ನಡೆಯುತ್ತದೆ. ಹಾಡು ಕೇಳುವುದು ಆ ದನಿಯನ್ನೇ. ವಿಶೇಷವೆಂದರೆ ಇದರಲ್ಲಿ ಬೇಸ್ ನುಡಿಸಿದವನು ಲೆಶ್ ಅಲ್ಲ! ಡೇವ್ ಟಾರ್ಬರ್ಟ್ ಎಂಬ ಇನ್ನೊಬ್ಬ ವಾದಕ. ತನ್ನ ಸ್ವಂತದ ಮಾತು ಹೇಳುವಾಗ ಮಾತ್ರ ಈ ಹಠಮಾರಿ ಕೆಳಗಿನ ಸ್ವರವನ್ನು ಬೇರೆಯವರ ಕೈಗೆ ಒಪ್ಪಿಸಿದ. ಟಾರ್ಬರ್ಟ್ ನುಡಿಸಿದ್ದು ನೇರವಾಗಿ, ಸೌಮ್ಯವಾಗಿ, ಸಮಕ್ಕೆ ಸಮವಾಗಿ.

ಇನ್ನು ಸದ್ದಿನ ಮಾತು. ವಿಜ್ಞಾನ ಓದಿದ ನಮಗೆ ಇದರಲ್ಲಿ ಸ್ವಲ್ಪ ಹೆಚ್ಚು ಆಸಕ್ತಿ ಇದ್ದರೆ ಓದುಗರು ಮನ್ನಿಸಬೇಕು. ಬೇಸ್ ಗಿಟಾರಿನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಗಾಳಿಯಲ್ಲಿ ಆ ಅಲೆಯ ಉದ್ದ ಎಂಟು ಮೀಟರಿಗೂ ಮಿಗಿಲು, ಅಂದರೆ ಸುಮಾರು 27 ಅಡಿ. ಇಷ್ಟು ಉದ್ದದ ಅಲೆಯನ್ನು ಒಂದು ಸಣ್ಣ ಸ್ಪೀಕರಿನಿಂದ ದೊಡ್ಡ ಮೈದಾನದ ಕೊನೆಯವರೆಗೆ ಕಳಿಸುವುದಾಗದು. ಅದು ಎಲ್ಲ ದಿಕ್ಕಿಗೂ ಹರಡಿ ಮಸುಕಾಗುತ್ತದೆ. ಸ್ಪೀಕರುಗಳನ್ನು ಒಂದರ ಮೇಲೊಂದು ಎತ್ತರಕ್ಕೆ ಪೇರಿಸಿದರೆ ಸದ್ದು ಮೇಲೆ ಕೆಳಗೆ ಚೆಲ್ಲದೆ ಮುಂದಕ್ಕೆ ಸಾಗುತ್ತದೆ. 1974ರಲ್ಲಿ ತಂಡ ಕಟ್ಟಿದ ‘ವಾಲ್ ಆಫ್ ಸೌಂಡ್’ ಎಂಬ ಧ್ವನಿಗೋಡೆ ಈ ತತ್ವದ ಮೇಲೆ ನಿಂತದ್ದು: 600ಕ್ಕೂ ಹೆಚ್ಚು ಸ್ಪೀಕರುಗಳು, 26,000 ವಾಟ್‌ಗೂ ಮೀರಿದ ಶಕ್ತಿ, ಸುಮಾರು 75 ಟನ್ ತೂಕ. ಪ್ರತಿ ವಾದ್ಯಕ್ಕೂ ಬೇರೆ ಸ್ಪೀಕರುಗಳು. ಗೋಡೆ ವಾದಕರ ಹಿಂದೆಯೇ ನಿಂತಿದ್ದರಿಂದ ಸಭಿಕರು ಕೇಳುವುದನ್ನೇ ವಾದಕರೂ ಕೇಳುತ್ತಿದ್ದರು. ಸದ್ದು ಮೈಕಿಗೆ ಮರಳಿ ಕೂಗದಂತೆ, ಒಬ್ಬೊಬ್ಬ ಗಾಯಕನಿಗೂ ವಿರುದ್ಧವಾಗಿ ಜೋಡಿಸಿದ ಎರಡೆರಡು ಮೈಕು. ಲೆಶ್‌ನ ವಾದ್ಯಕ್ಕಂತೂ ನಾಲ್ಕು ತಂತಿಗಳ ಸದ್ದನ್ನು ನಾಲ್ಕು ಬೇರೆ ಬೇರೆ ಸ್ಪೀಕರು ಸಾಲುಗಳಿಗೆ ಕಳಿಸುವ ಏರ್ಪಾಡಿತ್ತು. ಬೇಸ್ ಗಿಟಾರಿಗೆ ಇಂಥ ಗೌರವ ಅದಕ್ಕೆ ಮೊದಲು ಸಿಕ್ಕಿರಲಿಲ್ಲ. ಖರ್ಚು ತಡೆಯಲಾರದೆ ಅದೇ ವರ್ಷ ಅಕ್ಟೋಬರಿನಲ್ಲಿ ತಂಡ ತಿರುಗಾಟ ನಿಲ್ಲಿಸಿತು, ಗೋಡೆಯನ್ನು ಬಿಚ್ಚಿಹಾಕಿತು.

ಇದರಿಂದ ನಮಗೊಂದು ಉಪಯೋಗದ ಸೂಚನೆ ಇದೆ. ಈಗ ಎಲ್ಲರೂ ಸಂಗೀತ ಕೇಳುವುದು ಮೊಬೈಲ್ ಫೋನಿನಲ್ಲಿ. ಫೋನಿನೊಳಗಿನ ಪುಟಾಣಿ ಸ್ಪೀಕರಿಗೆ ಮಂದ್ರದ ಆ ಅಲೆಯನ್ನು ಹುಟ್ಟಿಸುವ ಶಕ್ತಿಯೇ ಇಲ್ಲ. ಅದರ ಮೇಲಿನ ಅನುಸ್ವರಗಳಿಂದ ನಮ್ಮ ಕಿವಿ ಊಹೆ ಮಾಡಿಕೊಳ್ಳುತ್ತದೆ, ಅಷ್ಟೆ. ಲೆಶ್‌ನನ್ನು ಹಾಗೆ ಕೇಳಿದರೆ ಆತ ಇಲ್ಲವೇ ಇಲ್ಲ. ಮಕ್ಕಳ ಹತ್ತಿರ ಒಳ್ಳೆಯ ಹೆಡ್‌ಫೋನ್ ಇದ್ದರೆ ಒಂದು ಗಂಟೆಗೆ ಸಾಲ ಪಡೆಯಿರಿ.

1975ರಿಂದ 1995ರವರೆಗಿನ ಇಪ್ಪತ್ತು ವರ್ಷಗಳನ್ನು ನಾವು ಬೇಗ ದಾಟುತ್ತೇವೆ. ಕ್ರಮವಿಲ್ಲದೆ ಹಾಡಿ ಕಂಠ ಕೆಟ್ಟಿತು, ತಾರದ ಜೊತೆದನಿ ನಿಂತುಹೋಯಿತು. ಕುಡಿತ ಹೆಚ್ಚಿತು; ಅದನ್ನು ಆತನೇ ಬರೆದುಕೊಂಡಿದ್ದಾನೆ. 1977ರ ‘ಟೆರಾಪಿನ್ ಸ್ಟೇಷನ್’ ಆದಮೇಲೆ ತಂಡದ ಸ್ಟುಡಿಯೋ ಮುದ್ರಿಕೆಗಳಲ್ಲಿ ಲೆಶ್‌ನ ರಚನೆ ಒಂದೂ ಇಲ್ಲ. ಬೆರಿಯೊನ ಶಿಷ್ಯನ ಈ ಮೌನವೇ ಆ ಕಾಲದ ಬಗ್ಗೆ ಬಹಳ ಹೇಳುತ್ತದೆ. 1987ರಲ್ಲಿ ತಂಡದ ಒಂದು ಹಾಡು ಜನಪ್ರಿಯತೆಯ ಪಟ್ಟಿಯಲ್ಲಿ ಒಂಬತ್ತನೆಯ ಸ್ಥಾನಕ್ಕೇರಿ, ಸಭಿಕರು ಕ್ರೀಡಾಂಗಣ ತುಂಬುವಷ್ಟಾದರು; ಸಂಗೀತ ಅದೇ ಪ್ರಮಾಣದಲ್ಲಿ ಬೆಳೆಯಲಿಲ್ಲ. ಲೆಶ್ ಆರು ತಂತಿಯ ವಾದ್ಯ ಹಿಡಿದ. ಮಂದ್ರ ಇನ್ನೂ ಕೆಳಗೆ ಹೋಯಿತು, ಮಾತು ಕೆಲವೊಮ್ಮೆ ಗೊಣಗಾಟವಾಯಿತು.

ಕೇಳುಗರು ಮಾತ್ರ ಆತನನ್ನು ಬಿಡಲಿಲ್ಲ. ತನ್ನ ಕಚೇರಿಗಳನ್ನು ಸಭಿಕರು ಟೇಪ್ ಮಾಡಿಕೊಳ್ಳುವುದಕ್ಕೆ ಅಡ್ಡಿಪಡಿಸದೆ, 1984ರಿಂದ ಅವರಿಗೆಂದೇ ಜಾಗ ಕೊಟ್ಟ ತಂಡ ಇದು. ಟೇಪುಗಳು ಕೈಯಿಂದ ಕೈಗೆ ಹೋದವು, ಹಣ ಪಡೆಯಬಾರದೆಂಬ ಕಟ್ಟಳೆಯೊಂದಿಗೆ. ಆದ್ದರಿಂದಲೇ ಇಂದು ಈ ವಾದಕನನ್ನು ವರ್ಷ ವರ್ಷಕ್ಕೆ ಹೋಲಿಸಿ ನೋಡಲು ನಮ್ಮಂಥ ದೂರದವರಿಗೂ ಸಾಧ್ಯವಾಗಿದೆ. ವೇದಿಕೆಯಲ್ಲಿ ಲೆಶ್ ನಿಲ್ಲುವ ಕಡೆಯ ಮುಂಭಾಗಕ್ಕೆ ‘ಫಿಲ್ ಜೋನ್’ ಎಂದು ಹೆಸರಾಯಿತು. ಮಂದ್ರವನ್ನು ಎದೆಯಿಂದ ಕೇಳಲು ಬಯಸುವವರು ಅಲ್ಲಿ ಹೋಗಿ ನಿಲ್ಲುತ್ತಿದ್ದರು. ಫಿಲ್ ಹಾಡಲಿ ಎಂಬ ಒತ್ತಾಯದ ಬರಹ ಕಾರುಗಳ ಮೇಲೆ ಅಂಟಿತು. ಹದಿಮೂರು ವರ್ಷ ಬಿಟ್ಟಿದ್ದ ‘ಬಾಕ್ಸ್ ಆಫ್ ರೇನ್’ ಅನ್ನು 1986ರ ಮಾರ್ಚಿನಲ್ಲಿ ಮತ್ತೆ ಹಾಡಿದಾಗ ಸಭೆಯೆಲ್ಲ ಎದ್ದ ಸದ್ದು ಟೇಪಿನಲ್ಲಿದೆ. 1974ರಲ್ಲಿ ಮುದ್ರಿಸಿದ್ದ ‘ಅನ್‌ಬ್ರೋಕನ್ ಚೈನ್’ ಎಂಬ ತನ್ನ ಅತಿ ಕ್ಲಿಷ್ಟ ರಚನೆಯನ್ನು ತಂಡದೊಂದಿಗೆ ವೇದಿಕೆಗೆ ತಂದದ್ದು 1995ರ ಮಾರ್ಚಿನಲ್ಲಿ, ಇಪ್ಪತ್ತೊಂದು ವರ್ಷದ ಮೇಲೆ. ಕಾಯುವುದರಲ್ಲಿ ಅಭಿಮಾನಿಗಳು ಶಬರಿಯನ್ನು ಮೀರಿಸಿದರು.

1995ರ ಜುಲೈ 9ರಂದು ಷಿಕಾಗೋದ ಸೋಲ್ಜರ್ ಫೀಲ್ಡ್‌ನಲ್ಲಿ ತಂಡ ನುಡಿಸಿದ ಕೊನೆಯ ಹಾಡು, ಯಾರೂ ಯೋಜಿಸಿರದಿದ್ದರೂ, ‘ಬಾಕ್ಸ್ ಆಫ್ ರೇನ್’ ಆಯಿತು. ಸರಿಯಾಗಿ ಒಂದು ತಿಂಗಳಿಗೆ, ಆಗಸ್ಟ್ 9ರಂದು, ಗಾರ್ಸಿಯಾ ತೀರಿಕೊಂಡ. ತಂಡ ಆ ಹೆಸರನ್ನು ಅಲ್ಲಿಗೇ ಬಿಟ್ಟಿತು.

ಮಾತಿಗೆ ಸಿಗುತ್ತಿದ್ದ ಜೊತೆಗಾರನೇ ಹೋದಮೇಲೆ ಮಂದ್ರದವನು ಯಾರೊಂದಿಗೆ ಮಾತನಾಡಬೇಕು? ಇಷ್ಟರಲ್ಲಿ ಹೆಪಟೈಟಿಸ್ ಸಿ ರೋಗದಿಂದ ಲೆಶ್‌ನ ಯಕೃತ್ತು ಕೆಟ್ಟಿತ್ತು. 1998ರ ಡಿಸೆಂಬರಿನಲ್ಲಿ ಫ್ಲಾರಿಡಾದಲ್ಲಿ ಬೇರೊಬ್ಬರ ಯಕೃತ್ತನ್ನು ಜೋಡಿಸಿದರು. ಅದನ್ನು ಕೊಟ್ಟದ್ದು ತೀರಿಹೋದ ಒಬ್ಬ ಯುವಕ. ನಾಲ್ಕೇ ತಿಂಗಳಲ್ಲಿ, 1999ರ ಏಪ್ರಿಲಿನಲ್ಲಿ, ಲೆಶ್ ಸಾನ್ ಫ್ರಾನ್ಸಿಸ್ಕೋದ ವಾರ್‌ಫೀಲ್ಡ್ ಸಭಾಂಗಣದಲ್ಲಿ ಮತ್ತೆ ನಿಂತ. ಅಲ್ಲಿಂದ ಕೊನೆಯವರೆಗೆ ಪ್ರತಿ ಕಚೇರಿಯಲ್ಲೂ ಹಾಡಿನ ನಡುವೆ ಎರಡು ನಿಮಿಷ ನಿಂತು, ಆ ಯುವಕನನ್ನು ನೆನೆದು, ಅಂಗದಾನ ಮಾಡುವ ಮನಸ್ಸಿದ್ದರೆ ಇವತ್ತೇ ಮನೆಯವರಿಗೆ ತಿಳಿಸಿಡಿ ಎಂದು ಸಭಿಕರಿಗೆ ಹೇಳುತ್ತಿದ್ದ. ತಂಡದ ಹೆಸರಿನ ಹಿಂದಿನ ಕಥೆಯನ್ನು ಓದುಗರು ಮರೆತಿರಲಾರರು. ಇಲ್ಲಿ ಸತ್ತವನು ಕೊಟ್ಟ, ಬದುಕಿದವನು ಋಣ ತೀರಿಸುತ್ತ ಹೋದ.

ಸಂಗೀತದಲ್ಲೂ ಆತನ ಅತಿ ದಿಟ್ಟ ನಿರ್ಧಾರ ಈ ಹಂತದ್ದೇ. ‘ಫಿಲ್ ಲೆಶ್ ಅಂಡ್ ಫ್ರೆಂಡ್ಸ್’ ಎಂಬ ಹೆಸರಿನಡಿ ಆತ ಕಾಯಂ ತಂಡ ಕಟ್ಟಲಿಲ್ಲ. ಒಂದು ತಿಂಗಳು ಇವರು, ಇನ್ನೊಂದು ತಿಂಗಳು ಅವರು. ತನಗಿಂತ ಇಪ್ಪತ್ತು ಮೂವತ್ತು ವರ್ಷ ಚಿಕ್ಕವರನ್ನು ಕರೆದು, ಗಾರ್ಸಿಯಾನನ್ನು ಅನುಕರಿಸಬೇಡಿ, ಹಾಡನ್ನು ನಿಮ್ಮದಾಗಿ ಹೇಳಿ ಎಂದು ಬಿಟ್ಟ. ಹಾಡುಗಳು ಹಾಡಿದವನೊಂದಿಗೆ ಸಾಯುತ್ತವೆಂಬ ರಾಕ್ ಜಗತ್ತಿನ ನಂಬಿಕೆಗೆ ಇದು ನೇರವಾದ ಎದುರುಮಾತು. ಕೀರ್ತನೆಯೊಂದು ನೂರು ಕಂಠಗಳಲ್ಲಿ ಬಾಳುವುದನ್ನು ಕಂಡ ನಮಗೆ ಇದರಲ್ಲಿ ಸೋಜಿಗವಿಲ್ಲ, ಅವರಿಗೆ ಇತ್ತು. 2000ದಿಂದ 2003ರವರೆಗೆ ವಾರೆನ್ ಹೇನ್ಸ್, ಜಿಮ್ಮಿ ಹೆರಿಂಗ್ ಎಂಬ ಇಬ್ಬರು ಗಿಟಾರ್‌ಗಾರರಿದ್ದ ಐವರ ಕೂಟ ಇವುಗಳಲ್ಲಿ ಮೇಲು. ಅಲ್ಲಿ ಅರವತ್ತು ದಾಟಿದ ಲೆಶ್, 1974ರ ನಂತರ ಎಂದೂ ಇಲ್ಲದಷ್ಟು ಎಚ್ಚರವಾಗಿ ನುಡಿಸಿದ್ದಾನೆ. ಆದರೆ ಮುಖ್ಯ ಹಾಡುಗಾರಿಕೆಯನ್ನೂ ಹೆಚ್ಚಾಗಿ ತಾನೇ ವಹಿಸಿಕೊಂಡದ್ದು ಒಳ್ಳೆಯದಾಗಲಿಲ್ಲ. ‘ಬಾಕ್ಸ್ ಆಫ್ ರೇನ್’ಗೆ ಒಪ್ಪಿದ ಒಣ ದನಿ ಗಾರ್ಸಿಯಾನ ದುಃಖದ ಹಾಡುಗಳಿಗೆ ಒಪ್ಪುವುದಿಲ್ಲ. ಅಭಿಮಾನಿಗಳು ಇದನ್ನು ಹೇಳಲು ಹಿಂಜರಿಯುತ್ತಾರೆ. ಹೇಳಬೇಕಾದದ್ದೇ.

2015ರಲ್ಲಿ ತಂಡದ ಐವತ್ತನೆಯ ವರ್ಷಕ್ಕೆ ಉಳಿದ ನಾಲ್ವರು ಸದಸ್ಯರು ಸಾಂಟಾ ಕ್ಲಾರಾದಲ್ಲೂ ಷಿಕಾಗೋದಲ್ಲೂ ಒಟ್ಟಿಗೆ ನುಡಿಸಿದರು. ಬಳಿಕ ಮೂವರು ಹೊಸ ತಂಡ ಕಟ್ಟಿ ದೊಡ್ಡ ಕ್ರೀಡಾಂಗಣಗಳತ್ತ ಹೊರಟರು. ಲೆಶ್ ಹೋಗಲಿಲ್ಲ. ಆತನಿಗೆ ಆಗ ಸಾನ್ ರಫೇಲ್‌ನಲ್ಲಿ, 2012ರಲ್ಲಿ ತೆರೆದ ‘ಟೆರಾಪಿನ್ ಕ್ರಾಸ್‌ರೋಡ್ಸ್’ ಎಂಬ ಊಟದ ಮನೆಯಿತ್ತು. ಅದರ ಒಂದು ಭಾಗ ಸಂಗೀತದ ಕೋಣೆ. 2021ರಲ್ಲಿ ಅದು ಮುಚ್ಚುವವರೆಗೆ, ಊರಿನ ತರುಣ ವಾದಕರೊಂದಿಗೂ ಗಿಟಾರ್ ಹಿಡಿದ ಮಗ ಗ್ರಹಾಮ್‌ನೊಂದಿಗೂ ಎಷ್ಟೋ ಸಂಜೆ ಕೆಲವೇ ನೂರು ಜನರ ಮುಂದೆ ನುಡಿಸಿದ. ಆ ಸಂಜೆಗಳ ಮುದ್ರಣಗಳನ್ನು ಕೇಳಿದರೆ, ಹುಡುಗರು ಹಾಡು ಎತ್ತಿಕೊಂಡಾಗ ಮೊದಲ ಸುತ್ತಿನಲ್ಲಿ ಮುದುಕ ಸಮದಲ್ಲಿ ತಳಸ್ವರ ಕೊಟ್ಟು ಅವರ ಕಾಲಿಗೆ ನೆಲ ತೋರಿಸುತ್ತಾನೆ. ಎರಡನೆಯ ಸುತ್ತಿಗೆ ಅದನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾನೆ.